ಶಿಕ್ಷಕರ ವೈಯಕ್ತಿಕ ಶ್ರದ್ಧೆ ಮತ್ತು ಶಾಲೆಯ ಕೆಲಸ

ಬೋಧನಾಭ್ಯಾಸದ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಮುಕ್ತಾಯ ಎಲ್ಲಕ್ಕೂ ಅಂಕಗಳಿವೆ. ಪ್ರಶಿಕ್ಷಣಾರ್ಥಿಯ ದೈವಶ್ರದ್ಧೆಗೆ ಅಲ್ಲಿ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಆ ಶ್ರದ್ಧೆಯನ್ನು ಮನೆಯಲ್ಲೇ ಬಿಟ್ಟು ಬರುತ್ತೇವೆ ಎಂದುಕೊಳ್ಳುವುದು ಸರಿಯಲ್ಲ. ಅದು ನಮ್ಮೊಡನೆ ತರಗತಿಗೆ ಬರುತ್ತದೆ, ಮುಂದೆ ಮುಖ್ಯ ಶಿಕ್ಷಕರ ಕೊಠಡಿಗೂ ಬರುತ್ತದೆ. ಅದು ಎಲ್ಲಿ ಕೆಲಸಕ್ಕೆ ಬಲವಾಗುತ್ತದೆ, ಎಲ್ಲಿ ಮಕ್ಕಳಿಗೆ ಹೊರೆಯಾಗುತ್ತದೆ ಎಂಬುದನ್ನು ಗುರುತಿಸಲು ಕಲಿಯುವುದು ನಮ್ಮ ತರಬೇತಿಯ ಭಾಗವೇ.

ಕೆಲಸ ಮತ್ತು ಶ್ರದ್ಧೆಯ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು 12ನೆಯ ಶತಮಾನದ ಶರಣರ ಕಾಯಕ ತತ್ತ್ವ. ಅದನ್ನು ನಾವು ಗೋಡೆಬರಹ ಮಾಡಿ ಸುಮ್ಮನಾಗಿದ್ದೇವೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ನೋಡಿ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಹೇಳುತ್ತಾಳೆ. ಇಲ್ಲಿ ಶ್ರದ್ಧೆ ಲೆಕ್ಕ ಕೇಳುವುದು ತಮ್ಮದೇ ಕೆಲಸದ ಬಗ್ಗೆ, ಪರರ ನಡತೆಯ ಬಗ್ಗೆ ಅಲ್ಲ. ಓದದೆಯೇ ಸಹಿ ಹಾಕಿದ ನೋಟ್‌ಬುಕ್ಕು, ತಯಾರಿಯಿಲ್ಲದೆ ಕಳೆದ ಅವಧಿ, ಯಾವ ಅಧಿಕಾರಿಯ ಕಣ್ಣಿಗೂ ಬೀಳದಿದ್ದರೂ ಕಾಯಕವನ್ನು ನಂಬಿದ ಶಿಕ್ಷಕರನ್ನು ಕಾಡುತ್ತವೆ. ಇಂಥ ಶ್ರದ್ಧೆ ಶಾಲೆಗೆ ದೊಡ್ಡ ಆಸ್ತಿ.

ಇನ್ನೊಂದು ಬಗೆಯ ನಂಬಿಕೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. “ಅವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ ಬಿಡಿ” ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಅಪರೂಪವೇನಲ್ಲ. ಹೇಳುವವರು ಕೆಟ್ಟವರಲ್ಲ, ಎಷ್ಟೋ ಸಲ ದಣಿವಿನಿಂದ, ತಮ್ಮ ಸಮಾಧಾನಕ್ಕೆ ಹೇಳಿರುತ್ತಾರೆ. ಆದರೆ ಹಣೆಬರಹವನ್ನು ನಿಜವಾಗಿ ನಂಬಿದವರು ಆ ಮಗುವಿಗೆ ಎರಡನೆಯ ಸಲ ಪ್ರಶ್ನೆ ಕೇಳಲು ಮನಸ್ಸು ಮಾಡುವುದು ಕಷ್ಟ. ಉತ್ತರಕ್ಕೆ ಕಾಯುವ ಹೊತ್ತು ಕಡಿಮೆಯಾಗುತ್ತದೆ, ನೋಟ ಮುಂದಿನ ಬೆಂಚಿಗೆ ಸರಿಯುತ್ತದೆ. ಮಗುವಿಗೂ ಅದು ಅರ್ಥವಾಗುತ್ತದೆ. ಶೈಕ್ಷಣಿಕ ಮನೋವಿಜ್ಞಾನದ ಪಾಠದಲ್ಲಿ ಬರುವ ರೋಸೆಂಥಾಲ್ ಮತ್ತು ಜೇಕಬ್‌ಸನ್ ಅವರ 1968ರ ಅಧ್ಯಯನವನ್ನು ಇಲ್ಲಿ ನೆನೆಯಬಹುದು. ಗೊತ್ತುಗುರಿಯಿಲ್ಲದೆ ಆರಿಸಿದ ಕೆಲವು ಮಕ್ಕಳನ್ನು ತೋರಿಸಿ, ಇವರು ಈ ವರ್ಷ ಚೆನ್ನಾಗಿ ಮುಂದೆ ಬರುವವರು ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಮೊದಲೆರಡು ತರಗತಿಗಳಲ್ಲಿ ಆ ಮಕ್ಕಳ ಅಂಕ ಉಳಿದವರಿಗಿಂತ ಹೆಚ್ಚು ಏರಿತು. ಅಧ್ಯಯನದ ವಿಧಾನದ ಬಗ್ಗೆ ಆಮೇಲೆ ಸಾಕಷ್ಟು ಟೀಕೆ ಬಂದಿದೆ. ಪರಿಣಾಮ ಎಷ್ಟು ದೊಡ್ಡದು ಎಂಬ ವಾದ ಮುಗಿದಿಲ್ಲ. ಆದರೂ ಶಿಕ್ಷಕರ ನಿರೀಕ್ಷೆ ಅವರ ತಲೆಯೊಳಗೇ ಉಳಿಯುವುದಿಲ್ಲ ಎಂಬುದನ್ನು ತರಗತಿ ನೋಡಿದವರಾರೂ ಅಲ್ಲಗಳೆಯಲಾರರು. ವಿಚಿತ್ರವೆಂದರೆ, ಅದೇ ದೇವರನ್ನು ನಂಬುವ ಇನ್ನೊಬ್ಬ ಶಿಕ್ಷಕಿ, ಪ್ರತಿ ಮಗುವಿನಲ್ಲೂ ದೇವರಿದ್ದಾನೆ ಎಂದುಕೊಂಡು ಭಾಗಾಕಾರವನ್ನು ಮೂರನೆಯ ಸಲ ಹೇಳಿಕೊಡುತ್ತಿರಬಹುದು.

ಪಾಠದ ವಿಷಯಕ್ಕೂ ಇದು ತಟ್ಟುತ್ತದೆ. ಜೀವವಿಕಾಸದ ಪಾಠ ತನ್ನ ನಂಬಿಕೆಗೆ ಒಗ್ಗದೆಂದು ಅರ್ಧ ಅವಧಿಯಲ್ಲಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯ.

ನಾಯಕತ್ವದ ಜಾಗದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸಹಶಿಕ್ಷಕರ ನಂಬಿಕೆ ಒಂದು ತರಗತಿಯನ್ನು ಮುಟ್ಟಿದರೆ ಮುಖ್ಯ ಶಿಕ್ಷಕರದ್ದು ಇಡೀ ಶಾಲೆಯ ಪದ್ಧತಿಯಾಗಿಬಿಡುತ್ತದೆ. ಸಂಪೂರ್ಣ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು 28ನೆಯ ವಿಧಿ ಹೇಳುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕಡ್ಡಾಯಪಡಿಸುವಂತಿಲ್ಲ. ಮಕ್ಕಳ ಶ್ರದ್ಧೆಗೂ ರಕ್ಷಣೆಯಿದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ಕಾರಣಕ್ಕೆ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿತು.

ನಿತ್ಯದ ಉದಾಹರಣೆ ಬೇಕಿದ್ದರೆ ಬಿಸಿಯೂಟವಿದೆ. ನಮ್ಮ ರಾಜ್ಯದಲ್ಲಿ ಅದರ ಹೆಸರೇ ಅಕ್ಷರ ದಾಸೋಹ. ದಾಸೋಹವೂ ಶರಣರ ಮಾತೇ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯಿದೆ. ಮುಖ್ಯ ಶಿಕ್ಷಕರು ಮೊಟ್ಟೆ ಮುಟ್ಟದವರಾಗಿದ್ದರೆ ಅದು ಅವರ ಇಷ್ಟ. ಆದರೆ ಕೇಳುವ ಮಕ್ಕಳ ಪಟ್ಟಿಯನ್ನು ಚಿಕ್ಕದು ಮಾಡುವುದು, ತಿನ್ನುವವರನ್ನು ಬೇರೆ ಸಾಲಿನಲ್ಲಿ ಕೂರಿಸುವುದು ಅವರ ಶ್ರದ್ಧೆಯ ವ್ಯಾಪ್ತಿಗೆ ಸೇರಿದ್ದಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಅಭ್ಯಾಸವನ್ನು ಸೂಚಿಸಬಹುದು. ಪಾಠ ವೀಕ್ಷಿಸುವ ಸಹಪಾಠಿ ತರಗತಿಯ ಆಸನಗಳ ನಕ್ಷೆ ಬರೆದುಕೊಂಡು, ಯಾವ ಮಗುವಿಗೆ ಎಷ್ಟು ಪ್ರಶ್ನೆ ಹೋಯಿತು, ಉತ್ತರಕ್ಕೆ ಎಷ್ಟು ಸೆಕೆಂಡು ಕಾಯಲಾಯಿತು ಎಂದು ಗುರುತು ಹಾಕಲಿ. ಪಾಠದ ನಂತರದ ಚರ್ಚೆಯಲ್ಲಿ ಯಾರ ನಂಬಿಕೆ ಏನೆಂದು ಕೇಳಬೇಕಾಗಿಲ್ಲ. ನಕ್ಷೆಯನ್ನು ಮೇಜಿನ ಮೇಲೆ ಇಟ್ಟರೆ ಸಾಕು. ಒಂದೂ ಗುರುತು ಬೀಳದ ಮಕ್ಕಳ ಹೆಸರನ್ನು ಮರುದಿನದ ಪಾಠಯೋಜನೆಯ ಅಂಚಿನಲ್ಲಿ ಬರೆದುಕೊಂಡು, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಬಹುದು.