ಮುಂಗಡಪತ್ರದ ಗುಟ್ಟು ಮುಂಗಡವಾಗಿ ತಿಳಿದವರು

ಫೆಬ್ರವರಿ ಕೊನೆಯ ಆ ಸಂಜೆಗಳು ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಕೇಂದ್ರದ ಮುಂಗಡಪತ್ರ ಆಗ ಸಂಜೆ ಐದು ಗಂಟೆಗೆ ಮಂಡನೆಯಾಗುತ್ತಿತ್ತು. ಆ ಪದ್ಧತಿ ಬದಲಾದದ್ದು 1999ರಲ್ಲಿ. ಅದಕ್ಕೆ ಎರಡು ದಿನ ಮೊದಲೇ ಕುಂಬಳೆ, ಬದಿಯಡ್ಕ ಪೇಟೆಗಳ ಕೆಲವು ಅಂಗಡಿಗಳಲ್ಲಿ ಸಿಗರೇಟು, ಬೆಂಕಿಪೆಟ್ಟಿಗೆ ಮಾಯವಾಗುತ್ತಿದ್ದವು. ಕೇಳಿದರೆ "ಸ್ಟಾಕ್ ಇಲ್ಲ" ಎಂಬ ಉತ್ತರ. ಮಾಲು ಒಳಕೋಣೆಯಲ್ಲಿದೆಯೆಂದು ನಮಗೂ ಗೊತ್ತು, ಅಂಗಡಿಯವರಿಗೂ ಗೊತ್ತು. ಆದರೆ ಸುಂಕ ಏರುತ್ತದೆಯೇ ಎಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಅವರದು ಬರಿಯ ಊಹೆ. ಏರದಿದ್ದರೆ ಮರುದಿನ ಮಾಲು ತೆಪ್ಪಗೆ ಹೊರಬರುತ್ತಿತ್ತು. ಊಹಿಸಿದವನನ್ನು ಬೈಯಬಹುದು, ಕಳ್ಳನೆನ್ನಲಾಗದು. ಸರಕಾರದ ಒಳಗಿನಿಂದಲೇ ಸುದ್ದಿ ತಿಳಿದು ವ್ಯಾಪಾರಕ್ಕಿಳಿದವನ ಮಾತು ಬೇರೆ. ಈ ಎರಡರ ನಡುವಣ ಅಂತರವನ್ನು ಕಾಣಲು 1936ರ ಲಂಡನ್ನಿಗೆ ಹೋಗಬೇಕು.

ಅಲ್ಲಿನ ಲಾಯ್ಡ್ಸ್ ವಿಮಾಪೇಟೆಯಲ್ಲಿ ಹಡಗಿಗೆ ಮಾತ್ರವಲ್ಲ, ತೆರಿಗೆ ಏರಿಕೆಗೂ ವಿಮೆ ಸಿಗುತ್ತಿತ್ತು. ಆದಾಯ ತೆರಿಗೆ ಏರಿದರೆ ಇಷ್ಟು ಹಣ ಕೊಡುತ್ತೇವೆಂದು ವಿಮೆಗಾರ ಬರೆದುಕೊಡುವುದು, ಗಿರಾಕಿ ಅದಕ್ಕೊಂದು ಪ್ರೀಮಿಯಂ ಕಟ್ಟುವುದು. ಇಬ್ಬರಿಗೂ ನಾಳೆಯ ಸಂಗತಿ ತಿಳಿದಿಲ್ಲವೆಂಬ ನಂಬಿಕೆಯ ಮೇಲೆಯೇ ಆ ವ್ಯವಹಾರ ನಿಂತಿತ್ತು. ಆ ವರ್ಷ ಏಪ್ರಿಲ್ 21ರಂದು ಅರ್ಥಮಂತ್ರಿ ನೆವಿಲ್ ಚೇಂಬರ್ಲೇನ್ ಪೌಂಡಿಗೆ ನಾಲ್ಕು ಷಿಲಿಂಗ್ ಆರು ಪೆನ್ಸ್ ಇದ್ದ ಆದಾಯ ತೆರಿಗೆಯನ್ನು ನಾಲ್ಕು ಷಿಲಿಂಗ್ ಒಂಬತ್ತು ಪೆನ್ಸಿಗೆ ಏರಿಸಿದರು. ಚಹದ ಮೇಲೂ ಪೌಂಡು ತೂಕಕ್ಕೆ ಎರಡು ಪೆನ್ಸ್ ಹೆಚ್ಚಿಗೆ ಸುಂಕ ಬಿತ್ತು. ಆದರೆ ಅವರು ಭಾಷಣಕ್ಕೆ ಏಳುವ ಮೊದಲೇ ಲಾಯ್ಡ್ಸಿನಲ್ಲಿ ಇಂತಹ ವಿಮೆಗೆ ನೂಕುನುಗ್ಗಲಾಗಿತ್ತು! ಹಣ ತೆರಬೇಕಾದವರಿಗೆ ಸಂಶಯ ಬಂತು. ಗುಲ್ಲು ಪಾರ್ಲಿಮೆಂಟಿಗೆ ಮುಟ್ಟಿತು. ಸರಕಾರ ನ್ಯಾಯಮೂರ್ತಿ ಪೋರ್ಟರರ ನೇತೃತ್ವದಲ್ಲಿ ವಿಚಾರಣಾ ಮಂಡಳಿಯನ್ನು ನೇಮಿಸಿತು.

ಬೊಟ್ಟು ಹೋದದ್ದು ವಸಾಹತು ಮಂತ್ರಿ ಜೆ. ಎಚ್. ಥಾಮಸರ ಕಡೆಗೆ. ಎಳವೆಯಲ್ಲೇ ದುಡಿಮೆಗಿಳಿದು, ರೈಲು ಇಂಜಿನ್ ಒರೆಸಿ, ಚಾಲಕನಾಗಿ, ಕಾರ್ಮಿಕ ಸಂಘದ ನಾಯಕನಾಗಿ ಮಂತ್ರಿಪದವಿಗೇರಿದ ಮನುಷ್ಯ ಅವರು. ಆಲ್ಫ್ರೆಡ್ ಬೇಟ್ಸ್ ಎಂಬ ವ್ಯಾಪಾರಿ ಅವರ ಸ್ನೇಹಿತ. ಇನ್ನೂ ಬರೆಯದ ಆತ್ಮಕಥೆಗಾಗಿ ಬೇಟ್ಸ್ ಅವರಿಗೆ ಸಾವಿರಾರು ಪೌಂಡು ಕೊಟ್ಟಿದ್ದನೆಂಬುದು ವಿಚಾರಣೆಯಲ್ಲಿ ಹೊರಬಿತ್ತು. ಇನ್ನೊಬ್ಬ ಸ್ನೇಹಿತ ಪಾರ್ಲಿಮೆಂಟ್ ಸದಸ್ಯ ಸರ್ ಆಲ್ಫ್ರೆಡ್ ಬಟ್. ಗಾಲ್ಫ್ ಆಡುತ್ತಾ ಚೆಂಡನ್ನಿರಿಸುವ 'ಟೀ'ಯ ಹೆಸರು ಕೂಗಿ ಚಹದ ಸುಂಕದ ಸುಳಿವಿತ್ತರೆಂಬ ಕತೆಯೂ ಹಬ್ಬಿತ್ತು. ಅದು ಕತೆಯೇ ಇರಬೇಕು. ಥಾಮಸರು ಏನನ್ನೂ ಒಪ್ಪಲಿಲ್ಲ. ಮಂಡಳಿ ಮಾತ್ರ, ಗುಟ್ಟು ಅವರಿಂದಲೇ ಈ ಇಬ್ಬರಿಗೆ ಹೋಯಿತು, ಇಬ್ಬರೂ ಅದನ್ನು ಸ್ವಂತ ಲಾಭಕ್ಕೆ ಬಳಸಿದರು ಎಂದಿತು. ವರದಿ ಬರುವ ಮೊದಲೇ ಮೇ ತಿಂಗಳಲ್ಲಿ ಮಂತ್ರಿಪದವಿ ಬಿಟ್ಟಿದ್ದ ಥಾಮಸರು, ಜೂನಿನಲ್ಲಿ ಪಾರ್ಲಿಮೆಂಟನ್ನೂ ಬಿಟ್ಟರು. ಮೊಕದ್ದಮೆ ಹೂಡಲಿಲ್ಲ. ಮರುವರ್ಷ ಅವರ ಆತ್ಮಕಥೆ ನಿಜಕ್ಕೂ ಅಚ್ಚಾಯಿತು.

ಅದೇ ಪಾರ್ಲಿಮೆಂಟಿನಲ್ಲಿ 1947ರ ನವೆಂಬರ್ 12ರಂದು ಇನ್ನೊಂದು ಸೋರಿಕೆ. ಮುಂಗಡಪತ್ರ ಮಂಡಿಸಲು ಹೋಗುತ್ತಿದ್ದ ಅರ್ಥಮಂತ್ರಿ ಹ್ಯೂ ಡಾಲ್ಟನ್, ದಾರಿಯಲ್ಲಿ ಎದುರಾದ 'ಸ್ಟಾರ್' ಸಂಜೆಪತ್ರಿಕೆಯ ವರದಿಗಾರ ಜಾನ್ ಕಾರ್ವೆಲರೊಡನೆ ನಾಲ್ಕು ಮಾತು ಆಡಿದರು. ಅವರು ಸಭೆಯಲ್ಲಿ ಆ ಭಾಗವನ್ನು ಓದುವ ಮೊದಲೇ, ಶೇರುಪೇಟೆಯೂ ಮುಚ್ಚುವ ಮೊದಲೇ, ಪತ್ರಿಕೆಯ ಕೆಲವು ಪ್ರತಿಗಳು ಬೀದಿಗೆ ಬಂದವು. ಡಾಲ್ಟನ್ನರಿಗೆ ಕಾಸಿನ ಲಾಭವಿರಲಿಲ್ಲ. ಆದರೂ ಮರುದಿನವೇ ರಾಜೀನಾಮೆ ಕೊಟ್ಟರು. (ಪತ್ರಿಕೆಯವರಾದ ನಮಗೆ ಕಾರ್ವೆಲರ ಮೇಲೆ ಸಿಟ್ಟು ಬಾರದು!)

ನಮ್ಮ ದೇಶಕ್ಕೂ ಈ ಪಾಠ ಬೇಗನೆ ಆಯಿತು. ಕೋಝಿಕ್ಕೋಡಿನಲ್ಲಿ ಹುಟ್ಟಿದ ಜಾನ್ ಮಥಾಯಿ ಅರ್ಥಮಂತ್ರಿಯಾಗಿದ್ದ 1950ರಲ್ಲಿ ಮುಂಗಡಪತ್ರದ ಕೆಲವು ಭಾಗ ಸೋರಿತು. ಅಲ್ಲಿಯವರೆಗೆ ರಾಷ್ಟ್ರಪತಿ ಭವನದಲ್ಲಿ ನಡೆಯುತ್ತಿದ್ದ ಮುದ್ರಣ ಮಿಂಟೋ ರಸ್ತೆಯ ಮುದ್ರಣಾಲಯಕ್ಕೆ, 1980ರಲ್ಲಿ ನಾರ್ತ್ ಬ್ಲಾಕಿನ ನೆಲಮಾಳಿಗೆಗೆ ಹೋಯಿತು. ಬಾಣಲೆಯಲ್ಲಿ ಹಲ್ವ ಮಾಡಿ ಹಂಚಿ, ಅಧಿಕಾರಿಗಳನ್ನು ಭಾಷಣ ಮುಗಿಯುವ ತನಕ ಮನೆಯವರ ಸಂಪರ್ಕವೂ ಇಲ್ಲದಂತೆ ಒಳಗೆ ಕೂಡಿಹಾಕುವ ಕ್ರಮ ಬಂದದ್ದು ಈ ಗುಟ್ಟಿನ ಕಾವಲಿಗೇ.

ಆದರೆ ಧಾರಣೆ ಅಲುಗಾಡುವುದು ಮುಂಗಡಪತ್ರದಿಂದ ಮಾತ್ರವೇ? 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದ್ದು ಒಂದು ಅಧಿಸೂಚನೆಯಿಂದ. ಅದಕ್ಕೆ ಹಲ್ವವೂ ಇಲ್ಲ, ನೆಲಮಾಳಿಗೆಯೂ ಇಲ್ಲ. ಅದು ಸೋರಿತೆಂದು ನಾವು ಹೇಳುತ್ತಿಲ್ಲ. ಆದರೆ ಅಂತಹ ಕಾಗದ ಹೊರಡುವ ಮುನ್ನಾದಿನ, ಆಸ್ಪತ್ರೆಯ ಖರ್ಚಿಗೋ ಮಗಳ ಫೀಸಿಗೋ ಎಂದು ಎರಡು ಗೋಣಿ ಅಡಿಕೆ ಕೊಟ್ಟು ಬಂದ ಕೃಷಿಕ, ಕೊಂಡವನಿಗೆ ಆ ದಿನ ಏನು ಗೊತ್ತಿತ್ತೆಂದು ಕೇಳಲು ಯಾವ ಪೋರ್ಟರರ ಬಳಿಗೆ ಹೋಗಬೇಕು?