ಮಧುಮೇಹ: ಗಿಡದಿಂದ ಗುಳಿಗೆಯವರೆಗೆ

ನಮ್ಮ ನೆರೆಮನೆಯ ಹಿರಿಯ ಮಹಿಳೆಯೊಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಮ್ಮೆ ಅವರು ವೈದ್ಯರು ಕೊಟ್ಟಿದ್ದ ಮೆಟ್‌ಫಾರ್ಮಿನ್ ಗುಳಿಗೆಯನ್ನು ನಿಲ್ಲಿಸಿ, ಸಂಬಂಧಿಕರು ತಂದುಕೊಟ್ಟ ಯಾವುದೋ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿಯತೊಡಗಿದರು. "ಉಸ್ತಾದರೇ, ಇಂಗ್ಲಿಷ್ ಮದ್ದು ನುಂಗಿ ಸಾಕಾಯಿತು. ಇದಾದರೆ ಬರೀ ಸೊಪ್ಪು, ಬೇರು. ತೊಂದರೆಯೇನೂ ಇಲ್ಲ" ಎಂದರು. ತಿಂಗಳು ಕಳೆಯುವುದರೊಳಗೆ ಕಾಲಿನ ಸಣ್ಣ ಗಾಯ ಹುಣ್ಣಾಯಿತು. ರಕ್ತ ಪರೀಕ್ಷಿಸಿದಾಗ ಸಕ್ಕರೆ 300 ದಾಟಿತ್ತು.

ಅವರು ಬಿಟ್ಟ ಗುಳಿಗೆಯ ಮೂಲವೂ ಒಂದು ಗಿಡವೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಯುರೋಪಿನಲ್ಲಿ ಬೆಳೆಯುವ ಗೆಲೆಗಾ ಎಂಬ ಸಸ್ಯವನ್ನು ಅಲ್ಲಿನ ಜನ ಹಿಂದಿನಿಂದಲೂ ಮದ್ದಾಗಿ ಬಳಸುತ್ತಿದ್ದರು. ಅದರಲ್ಲಿರುವ ಗೆಲೆಜಿನ್ ಎಂಬ ಅಂಶ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. 1920ರ ದಶಕದಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ವೈದ್ಯರು, ವಿಷಕಾರಿಯೆಂದು ಕಂಡು ಕೈಬಿಟ್ಟರು. ಆ ಸೊಪ್ಪು ಮೇಯ್ದ ಕುರಿಗಳು ಸತ್ತದ್ದೂ ಉಂಟು. ಅದೇ ರಾಸಾಯನಿಕ ಕುಟುಂಬಕ್ಕೆ ಸೇರಿದ, ಆದರೆ ದೇಹ ತಾಳಿಕೊಳ್ಳಬಲ್ಲ ಮೆಟ್‌ಫಾರ್ಮಿನ್ 1922ರಲ್ಲೇ ಪ್ರಯೋಗಾಲಯದಲ್ಲಿ ತಯಾರಾಗಿತ್ತು. ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು, 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕ ಅನುಮತಿ ಕೊಟ್ಟದ್ದು 1994ರಲ್ಲಿ! ಯಕೃತ್ತು ಹೊರಬಿಡುವ ಸಕ್ಕರೆಯನ್ನು ತಗ್ಗಿಸುವುದು ಇದರ ಮುಖ್ಯ ಕೆಲಸ.

ಸೇಬಿನ ಮರದ ಕಥೆಯೂ ಹೀಗೆಯೇ. 1835ರಲ್ಲಿ ಅದರ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಲಾಯಿತು. ಅದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುತ್ತದೆ. ಆದರೆ ಬಾಯಿಯ ಮೂಲಕ ಕೊಟ್ಟರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದರ ರಚನೆಯನ್ನು ಮಾರ್ಪಡಿಸಿದ ಡಾಪಾಗ್ಲಿಫ್ಲೋಜಿನ್‌ನಂತಹ ಗುಳಿಗೆಗಳು ಬಳಕೆಗೆ ಬಂದದ್ದು 2012ರ ನಂತರ. ಇವು ತೂಕವನ್ನೂ ಸ್ವಲ್ಪ ಇಳಿಸುತ್ತವೆ.

ತೂಕ ಎಂದಾಗ ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ ನೆನಪಾಗುತ್ತದೆ. ಅದರ ಹುಳಿಯಂಶವನ್ನು ಬೊಜ್ಜು ಕರಗಿಸುವ ಮಾತ್ರೆಯೆಂದು ಜಗತ್ತಿನಾದ್ಯಂತ ಮಾರಿದರು. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆಸಿದ ಪರೀಕ್ಷೆಯ ವರದಿ 1998ರಲ್ಲಿ ಬಂತು. ಆ ಮಾತ್ರೆ ತಿಂದವರಿಗೂ ಔಷಧವಿಲ್ಲದ ಹುಸಿಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಯಕೃತ್ತು ಕೆಟ್ಟ ವರದಿಗಳು ಆಮೇಲೆ ಬಂದವು. ಮೀನುಸಾರಿಗೆ ಹಾಕುವ ಹುಳಿಯ ಮಾತು ಬೇರೆ, ಬಿಡಿ.

ಹಾಗೆಂದು ಅಡುಗೆಮನೆಯ ಮೆಂತ್ಯವನ್ನು ತಳ್ಳಿಹಾಕಬೇಕಿಲ್ಲ. ಅದರ ನಾರಿನಂಶ ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಮಧುನಾಶಿನಿಯ ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದಂತಾಗುತ್ತದೆ, ಸಿಹಿಯೇ ತಿಳಿಯದು. ಆದರೆ ನಾಲಗೆಗೆ ಸಿಹಿ ತಿಳಿಯದಿದ್ದ ಮಾತ್ರಕ್ಕೆ ರಕ್ತದ ಸಕ್ಕರೆ ಇಳಿಯಿತೆಂದಲ್ಲ. ಇನ್ನು ಗುಳಿಗೆಯ ಜೊತೆಗೆ ಹಾಗಲಕಾಯಿ ರಸವನ್ನೂ ಲೋಟಗಟ್ಟಲೆ ಕುಡಿದರೆ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು.

ನೆರೆಮನೆಯವರ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಈಗ ಗುಳಿಗೆ ತಪ್ಪಿಸುವುದಿಲ್ಲ. ರಾತ್ರಿ ಮೆಂತ್ಯ ನೆನೆಹಾಕುವುದನ್ನೂ ಬಿಟ್ಟಿಲ್ಲ, ವೈದ್ಯರಿಗೆ ತಿಳಿಸಿಯೇ ತಿನ್ನುತ್ತಾರೆ. ಆ ಪುಡಿಯ ಡಬ್ಬದಲ್ಲಿ ಈಗ ಸಾಸಿವೆಯಿದೆ.