ರಕ್ತ ಪರಿಚಲನೆ: ಒಂದು ಗುಣಾಕಾರದ ಫಲ

ಕನ್ನಡದಲ್ಲಿ ‘ಎದೆ’ ಎಂಬ ಒಂದೇ ಮಾತು ಹಲವು ಅರ್ಥಗಳನ್ನು ಹೊತ್ತಿದೆ. ಪಕ್ಕೆಲುಬುಗಳ ಗೂಡು ಎದೆ, ಅದರೊಳಗೆ ಮಿಡಿಯುವ ಅವಯವವೂ ಎದೆ, ಧೈರ್ಯವೂ ಎದೆಯೇ. ಗುಂಡಿಗೆ, ಹೃದಯ ಎಂಬ ಮಾತುಗಳು ಸಹ ಅವಯವದಿಂದ ಭಾವಕ್ಕೂ ಭಾವದಿಂದ ಅವಯವಕ್ಕೂ ಸರಾಗವಾಗಿ ಸಂಚರಿಸುತ್ತವೆ. ಕಾವ್ಯಕ್ಕೆ ಇದು ಸಂಪತ್ತು. ಆದರೆ ಶರೀರಶಾಸ್ತ್ರ ಮೊದಲು ಕೇಳುವ ಪ್ರಶ್ನೆ ಬೇರೆ: ಈ ಅವಯವ ಮಾಡುವ ಕೆಲಸವೇನು? ಇದಕ್ಕೆ ಸಮರ್ಪಕವಾದ ಉತ್ತರ ಪ್ರಕಟವಾದದ್ದು 1628ರಲ್ಲಿ. ಅದೂ ಬಹುಮಟ್ಟಿಗೆ ಒಂದು ಗುಣಾಕಾರದ ಬಲದಿಂದ. ಆ ಲೆಕ್ಕವನ್ನು ವಾಚಕರ ಮುಂದಿಟ್ಟು, ಅದರಿಂದ ನಮ್ಮ ಮನೆವಾರ್ತೆಗೆ ಒದಗುವ ತಿಳಿವಳಿಕೆಯನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ನನ ಮತದಂತೆ, ಉಂಡ ಆಹಾರ ಯಕೃತ್ತಿನಲ್ಲಿ ರಕ್ತವಾಗಿ ಪರಿಣಮಿಸಿ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತದೆ. ಹೊಲಕ್ಕೆ ಹಾಯಿಸಿದ ನೀರು ಹೊಲದಲ್ಲಿಯೇ ಇಂಗಿಹೋದಂತೆ. ಸ್ವಲ್ಪ ರಕ್ತ ಮಾತ್ರ ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ಬಲಭಾಗದಿಂದ ಎಡಭಾಗಕ್ಕೆ ಜಿನುಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೈರೋ ನಗರದಲ್ಲಿದ್ದ ವೈದ್ಯ ಇಬ್ನ್ ಅಲ್ ನಫೀಸ್, ಆ ಗೋಡೆಯಲ್ಲಿ ರಂಧ್ರಗಳಿಲ್ಲವೆಂದೂ ರಕ್ತ ಶ್ವಾಸಕೋಶವನ್ನು ಹಾಯ್ದೇ ಎಡಕ್ಕೆ ಬರುತ್ತದೆಂದೂ ಬರೆದನು. ಅವನ ಬರಹ ಆಧುನಿಕ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1924ರಲ್ಲಿ. ಯುರೋಪಿನಲ್ಲಂತೂ ಗೇಲನ್ನನ ಮತ ಸುಮಾರು ಸಾವಿರದ ನಾನೂರು ವರ್ಷ ಪ್ರಮಾಣವಾಗಿ ನಿಂತಿತು.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ (1578-1657) ಈ ಮತವನ್ನು ಅಳತೆಗೆ ಒಡ್ಡಿದನು. ಹೃದಯ ಒಂದು ಮಿಡಿತಕ್ಕೆ ಅರ್ಧ ಔನ್ಸ್ ರಕ್ತವನ್ನು ಹೊರದೂಡುವುದೆನ್ನೋಣ. ಅರ್ಧ ಗಂಟೆಗೆ ಅದು ಸಾವಿರ ಬಾರಿ ಮಿಡಿಯುವುದೆನ್ನೋಣ. ಹೊರಬಿದ್ದ ರಕ್ತ 500 ಔನ್ಸ್, ಎಂದರೆ ಸುಮಾರು 14 ಕಿಲೋಗ್ರಾಂ! ಇಡೀ ದೇಹದಲ್ಲಿ ಅಷ್ಟು ರಕ್ತವಿಲ್ಲ. ಅಷ್ಟನ್ನು ಅರ್ಧ ಗಂಟೆಯಲ್ಲಿ ಒದಗಿಸುವ ಊಟವೂ ಇಲ್ಲ. ಆದುದರಿಂದ ರಕ್ತ ಇಂಗಿಹೋಗುವುದಿಲ್ಲ. ಹೋದದ್ದೇ ಮರಳಿ ಬರುತ್ತದೆ. ಹಾರ್ವೆ ಬೇಕೆಂದೇ ಕಡಿಮೆ ಅಂಕಿಗಳನ್ನು ಹಿಡಿದಿದ್ದನು. ಇಂದಿನ ಅಳತೆಯಂತೆ, ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ದೂಡುತ್ತದೆ. ನಿಮಿಷಕ್ಕೆ 70 ಮಿಡಿತವೆಂದರೆ ಹೆಚ್ಚು ಕಡಿಮೆ 5 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ.

ರಕ್ತ ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂಬುದನ್ನು ವಾಚಕರು ತಮ್ಮ ಕೈಯಲ್ಲಿಯೇ ಕಾಣಬಹುದು. ರಕ್ತಪರೀಕ್ಷೆಗೆ ಮುನ್ನ ತೋಳಿಗೆ ಪಟ್ಟಿ ಬಿಗಿದಾಗ ಮುಂಗೈಯ ನೀಲಿ ನಾಳಗಳು ಉಬ್ಬುತ್ತವಷ್ಟೆ. ಹೃದಯಕ್ಕೆ ರಕ್ತವನ್ನು ಮರಳಿ ತರುವ ಈ ನಾಳಗಳಿಗೆ ಅಭಿಧಮನಿಗಳೆಂದು ಹೆಸರು. ಅವುಗಳಲ್ಲಿ ಅಲ್ಲಲ್ಲಿ ಕಾಣುವ ಗಂಟುಗಳೇ ಕವಾಟಗಳು. ಅಂಥ ಗಂಟಿನ ಕೆಳಗೆ ಒಂದು ಬೆರಳನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಗಂಟಿನಾಚೆಗೆ, ತೋಳಿನ ಕಡೆಗೆ, ಸವರಿ ದೂಡಬೇಕು. ನಡುವಣ ನಾಳ ಬರಿದಾಗಿಯೇ ಉಳಿಯುತ್ತದೆ; ಮೇಲಿನ ರಕ್ತ ಕೆಳಗಿಳಿಯದು. ಕೆಳಗಿನ ಬೆರಳನ್ನೆತ್ತಿದೊಡನೆ ನಾಳ ತುಂಬುತ್ತದೆ. ಹಾರ್ವೆ ತನ್ನ ಗ್ರಂಥದಲ್ಲಿ ಚಿತ್ರಸಹಿತ ವಿವರಿಸಿದ ಪ್ರಯೋಗ ಇದೇ.

ಹೀಗೆ ಪರಿಚಲನೆಯ ಹಾದಿ ಸ್ಪಷ್ಟವಾಗುತ್ತದೆ. ಹೃದಯದ ಎಡ ಕೆಳಗೂಡು ರಕ್ತವನ್ನು ಅಪಧಮನಿಗಳ ಮೂಲಕ ದೇಹಕ್ಕೆ ಕಳುಹಿಸುತ್ತದೆ. ಅಭಿಧಮನಿಗಳು ಅದನ್ನು ಹೃದಯದ ಬಲಭಾಗಕ್ಕೆ ತರುತ್ತವೆ. ಬಲ ಕೆಳಗೂಡು ಅದನ್ನು ಶ್ವಾಸಕೋಶಕ್ಕೆ ದೂಡುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಅದು ಎಡಭಾಗಕ್ಕೆ ಮರಳುತ್ತದೆ. ಒಂದು ಕೊಂಡಿ ಮಾತ್ರ ಹಾರ್ವೆಗೆ ಕಾಣಲಿಲ್ಲ: ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದೆಲ್ಲಿ? ಅವನು ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತ ಎಷ್ಟೋ ಸಣ್ಣನೆಯ ಲೋಮನಾಳಗಳನ್ನು ಕಂಡನು. ಲೆಕ್ಕ ಮೊದಲೇ ನುಡಿದಿದ್ದುದನ್ನು ಕಣ್ಣು ಆಮೇಲೆ ಒಪ್ಪಿತು.

ಇಷ್ಟೊಂದು ರಕ್ತವನ್ನು ದಾಟಿಸುವ ಹೃದಯ ತನ್ನ ಪೋಷಣೆಯನ್ನು ಒಳಗೂಡುಗಳಲ್ಲಿ ತುಂಬಿರುವ ರಕ್ತದಿಂದ ನೇರವಾಗಿ ಪಡೆಯುವುದು ಅತ್ಯಲ್ಪ. ಅದರ ಸ್ನಾಯುವನ್ನು ಪೋಷಿಸುವುದು ಹೊರಮೈಯನ್ನು ಬಳಸಿ ಹಬ್ಬಿರುವ ಪರಿಧಮನಿಗಳು. ಇವುಗಳಲ್ಲೊಂದು ಮುಚ್ಚಿಕೊಂಡರೆ ಅದರ ಆಸರೆಯ ಸ್ನಾಯು ಸಾಯತೊಡಗುತ್ತದೆ, ಹೃದಯಾಘಾತವೆಂದರೆ ಇದೇ. ಇಲ್ಲಿ ನಾವು ಪುನಃ ‘ಎದೆ’ ಎಂಬ ಮಾತಿಗೆ ಬರುತ್ತೇವೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ, ಮನೆಯ ಹಿರಿಯರ ಮಾತನ್ನು ಪರಭಾಷೆಯ ವೈದ್ಯರಿಗೆ ತಿಳಿಯಹೇಳುವ ಹೊಣೆ ಉಂಟು. ತಾಯಿಯವರು ‘ಎದೆಯಲ್ಲಿ ಏನೋ ಸಂಕಟ’ ಎಂದರೆ ಅದು ಉರಿಯೋ, ಹಿಂಡಿದಂತಿದೆಯೋ, ಭಾರವೋ. ಭುಜಕ್ಕೆ, ತೋಳಿಗೆ, ದವಡೆಗೆ ಹರಡುತ್ತಿದೆಯೋ. ಬೆವರು, ಏದುಸಿರು, ವಾಕರಿಕೆ ಉಂಟೋ ಎಂದು ಕೇಳಿ ತಿಳಿಯಬೇಕು. ‘ವಾಯು’ ಎಂದು ಕಷಾಯ ಕೊಟ್ಟು ಬೆಳಗಿನವರೆಗೆ ಕಾಯುವುದು ಅಪಾಯಕರ. ಹೃದ್ರೋಗದ ನೋವು ಕೆಲವೊಮ್ಮೆ, ಅದರಲ್ಲಿಯೂ ವೃದ್ಧರಲ್ಲಿ ಮತ್ತು ಮಧುಮೇಹಿಗಳಲ್ಲಿ, ತೀವ್ರವಾಗಿರುವುದೇ ಇಲ್ಲ. ಸಂದೇಹವಿದ್ದಲ್ಲಿ ವಿಳಂಬವಿಲ್ಲದೆ ಆಸ್ಪತ್ರೆಗೆ ಸೇರಿಸತಕ್ಕದ್ದು. ನಿಮಿಷಕ್ಕೆ ಐದು ಲೀಟರಿನ ಈ ಯಂತ್ರ ತನಗೆ ಬೇಕಾದ ರಕ್ತವಿಲ್ಲದೆ ಬಹಳ ಹೊತ್ತು ತಾಳಲಾರದು.